ಹೂಂ ಅಂತಾದ್ರೂ ಅನ್ರಿ

ನಮ್ಮ ಆಫೀಸಿನಲ್ಲಿ ದಿನಕ್ಕೆ ನೂರು ಸಲ ಕೇಳಿಬರುವ ಒಂದು ಮಾತಿದೆ. "ನಮ್ ಕಡೆಯಿಂದ ಏನೂ ತೊಂದ್ರೆ ಇಲ್ಲ." ಸರ್ವರ್ ನೋಡಿಕೊಳ್ಳುವ ಫರ್ಜಾನಾ ಇದನ್ನು ಮೆತ್ತಗೆ ಹೇಳುತ್ತಾಳೆ. ಗುಬ್ಬಿ ವಿಭಾಗದ ಡೆನ್ನಿಸ್ ನಗುನಗುತ್ತಾ ಹೇಳುತ್ತಾನೆ. ಇವರಿಬ್ಬರ ನಡುವಿನ ಲೈನು ನೋಡಿಕೊಳ್ಳುವವನು ನಾನು, ಹಾಲೇಶಪ್ಪ. ಹದಿನೆಂಟು ವರ್ಷದಿಂದ ಎಲ್ಲರಿಗಿಂತ ಜೋರಾಗಿ ಹೇಳಿಕೊಂಡು ಬಂದವನೂ ನಾನೇ.

ಗುಬ್ಬಿ ಅಂದರೆ ಏನು ಅಂತ ದಾವಣಗೆರೆಯಲ್ಲಿ ಈಗ ಯಾರಿಗೂ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ಪಾರ್ಶ್ವವಾಯು ಹೊಡೆದು ಮಾತು ಹೋದವರು ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಹುಣಸೆಬೀಜದಷ್ಟಿರುವ ಸಾಧನ ಅದು. ಅದಕ್ಕೆ ಕಂಪನಿ ಇಟ್ಟ ಹೆಸರು ಉದ್ದವಾಗಿದೆ, ಜನ ಗುಬ್ಬಿ ಅಂದರು, ಅದೇ ನಿಂತಿತು. ಮಾತು ಹೋದವರಿಗೆ ಹೇಳಬೇಕಾದದ್ದು ಗೊತ್ತಿರುತ್ತದೆ, ಪದ ಮಾತ್ರ ಸಿಗುವುದಿಲ್ಲ. ಮಿದುಳು ಯಾವ ಪದಕ್ಕೆ ತಡಕಾಡುತ್ತಿದೆ ಅನ್ನುವುದನ್ನು ಗುಬ್ಬಿ ಹಿಡಿದು ನಮ್ಮ ಕೇಂದ್ರದ ಡೇಟಾಬೇಸಿಗೆ ಕಳಿಸುತ್ತದೆ. ಅಲ್ಲಿ ಒಬ್ಬೊಬ್ಬರಿಗೂ ಅವರದೇ ದನಿಯ, ಅವರದೇ ಮಾತುಗಳ ಕಣಜ ಇರುತ್ತದೆ. ಅಲ್ಲಿಂದ ಪದ ಬರುತ್ತದೆ, ಬಾಯಿ ಆಡುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು.

ಆ ಕಣಜವನ್ನು ಗುಬ್ಬಿಯೊಳಗೇ ಇಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಇಡಬಹುದಿತ್ತು. ಆಮೇಲೆ ಜನ ಕಂಪನಿಯ ಕಡೆ ತಿರುಗಿ ನೋಡುತ್ತಿರಲಿಲ್ಲ, ಅಷ್ಟೇ.

ನನ್ನ ಹೆಂಡತಿ ಕೊಟ್ರಮ್ಮ ಹತ್ತೊಂಬತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತವಳು. "ಪ್ರಯಾಣಿಕರ ಗಮನಕ್ಕೆ, ಜಗಳೂರು ಮಾರ್ಗವಾಗಿ ಚಳ್ಳಕೆರೆಗೆ ಹೋಗುವ ಬಸ್ಸು..." ಅಂತ ಅವಳು ಶುರು ಮಾಡಿದರೆ ಟೀ ಕುಡಿಯುತ್ತಿದ್ದವರೂ ಲೋಟ ಇಟ್ಟು ಎದ್ದುಬಿಡೋರು. ಅಂಥ ದನಿ. ಮನೆಗೆ ಬಂದ ಮೇಲೂ ಸುಮ್ಮನಿರುವ ಜಾತಿಯಲ್ಲ. ಯಾವ ಕಂಡಕ್ಟರ್ ಯಾರ ಜೊತೆ ಜಗಳ ಆಡಿದ, ಯಾವ ಅಜ್ಜಿ ಹರಪನಹಳ್ಳಿ ಬಸ್ ಅಂತ ಹೊನ್ನಾಳಿ ಬಸ್ ಹತ್ತಿದಳು, ಎಲ್ಲ ಬೇಕು. ಸಾರಿಗೆ ಒಗ್ಗರಣೆ ಹಾಕುತ್ತಾ ಹೇಳೋಳು. ನಾನು ಮೊಬೈಲು ನೋಡುತ್ತಾ ಕೂರುತ್ತಿದ್ದೆ. ಅರ್ಧಕ್ಕೆ ನಿಲ್ಲಿಸಿ, ಸೌಟು ಹಿಡಿದುಕೊಂಡೇ ಅಡುಗೆಮನೆ ಬಾಗಿಲಿಗೆ ಬಂದು ನಿಲ್ಲೋಳು.

"ರೀ, ಗೋಡೆಗೆ ಹೇಳ್ತಿದೀನಾ ನಾನು? ಹೂಂ ಅಂತಾದ್ರೂ ಅನ್ರಿ."

"ಕೇಳ್ತಿದೀನಿ ಮಾರಾಯ್ತಿ, ಹೇಳು."

"ಏನ್ ಹೇಳ್ದೆ ಈಗ? ಹೇಳಿ ನೋಡಣ."

ನಾನು ಹಲ್ಲು ಕಿರಿಯುತ್ತಿದ್ದೆ. ಅವಳು ಹಣೆ ಚಚ್ಚಿಕೊಂಡು ಒಳಗೆ ಹೋಗಿ ಮತ್ತೆ ಮೊದಲಿಂದ ಹೇಳೋಳು. ನಮಗೆ ಮಕ್ಕಳಿಲ್ಲ. ಆ ಮನೆಯಲ್ಲಿ ಇದ್ದ ಸದ್ದೆಲ್ಲ ಅವಳದೇ.

ಮೂರು ವರ್ಷದ ಹಿಂದೆ, ಡ್ಯೂಟಿಯ ಮೇಲಿದ್ದಾಗಲೇ, ಚನ್ನಗಿರಿ ಬಸ್ಸಿನ ಹೆಸರು ಅರ್ಧ ಹೇಳಿ ಮೈಕಿನ ಮೇಲೆ ಬಿದ್ದಳು. ಜೀವ ಉಳಿಯಿತು, ಕೈಕಾಲು ಒಂದು ತಿಂಗಳಲ್ಲಿ ಸರಿಹೋಯಿತು, ಮಾತು ಪೂರಾ ಹೋಯಿತು. ಓದುವುದು ಬರೆಯುವುದೂ ಅದರ ಜೊತೆಗೇ ಹೋಯಿತು. ಆಸ್ಪತ್ರೆಯಲ್ಲಿ ಏನು ಕೇಳಿದರೂ ಒಂದೇ: "ಹೂಂ." ನೀರು ಬೇಕಾ? ಹೂಂ. ಬೇಡವಾ? ಹೂಂ. ನೋವಾಗ್ತಿದೆಯಾ? ಅದಕ್ಕೂ ಹೂಂ, ಕಣ್ಣಲ್ಲಿ ನೀರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಇದೊಂದು ಹೋಗಲ್ಲ ನೋಡಿ. ಹೂಂ ಅನ್ನೋದು ಪದದ ಜಾಗದಲ್ಲಿ ಇರಲ್ಲ, ಅದು ಬಹಳ ಕೆಳಗೆ ಇರುತ್ತೆ. ಹುಟ್ಟಿದಾಗಿಂದ ಬಂದದ್ದು." ನಾನು ತಲೆ ಆಡಿಸಿದೆ. ಆಗ ನನಗೆ ಅದೆಲ್ಲ ಯಾಕೆ ಬೇಕಿತ್ತು?

ನಾನು ಕೇಂದ್ರದ ನೌಕರ ಅಂತ ಅವಳಿಗೆ ಬೇಗ ಗುಬ್ಬಿ ಸಿಕ್ಕಿತು. ಕಣಜ ತುಂಬಿಸುವುದೂ ಕಷ್ಟವಾಗಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಹತ್ತೊಂಬತ್ತು ವರ್ಷದ ದನಿ ಇತ್ತು. ಫರ್ಜಾನಾ ತಾನೇ ಕೂತು ಲೈನ್ ಜೋಡಿಸಿದಳು. ಹಸಿರು ದೀಪ ಹತ್ತಿತು. ಕೊಟ್ರಮ್ಮ ಬಾಯಿ ತೆರೆದು ಆಡಿದ ಮೊದಲ ಮಾತು, "ಪ್ರಯಾಣಿಕರ ಗಮನಕ್ಕೆ!" ತನ್ನ ಮಾತಿಗೆ ತಾನೇ ಬೆಚ್ಚಿ, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ನಾನು ಅಳುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಗೊಳೋ ಅಂತ ಅತ್ತೆ.

ಮೊದಲ ವರ್ಷ ನಮ್ಮ ಮನೆ ಜಾತ್ರೆ. ಓಣಿಯವರೆಲ್ಲ ಮಾತು ಬಂದ ಕೊಟ್ರಮ್ಮನನ್ನು ನೋಡಲು ಬರೋರು. ಆಮೇಲೆ ಅವರಿಗೂ ಹಳತಾಯಿತು. ಅವಳಿಗೆ ಕೆಲಸವಿಲ್ಲ, ಬಸ್‌ಸ್ಟ್ಯಾಂಡಿಲ್ಲ, ಹೇಳಲು ಸುದ್ದಿಯಿಲ್ಲ. ನಾನೊಬ್ಬ ಇದ್ದೆ. ನಾನು ಮೊಬೈಲು ನೋಡುತ್ತಾ ಕೂತಿದ್ದೆ. ಮಾತು ಹೋಗಿ ಬಂದವಳ ಎದುರಿಗೂ ನಾನು ಹಾಗೇ ಕೂತೆ ಅಂತ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅವಳ ಮಾತು ಕಡಿಮೆಯಾಗುತ್ತಾ ಬಂತು. ಮಧ್ಯಾಹ್ನವೆಲ್ಲ ಸುಮ್ಮನೆ ಕಿಟಕಿ ಹತ್ತಿರ ಕೂರುತ್ತಿದ್ದಳು.

ಲೈನ್ ಕಡಿಯಲು ಶುರುವಾದದ್ದು ಆಗ. ತುಂಬ ಹೊತ್ತು ಸುಮ್ಮನಿದ್ದು ಏನೋ ಹೇಳಲು ಬಾಯಿ ತೆರೆದರೆ ಪದ ಬರುತ್ತಿರಲಿಲ್ಲ. ಗುಬ್ಬಿ ಕೆಂಪಾಗಿ ಮಿನುಗುತ್ತಿತ್ತು. ಲೈನ್ ಮತ್ತೆ ಹತ್ತಲು ಹನ್ನೊಂದು ನಿಮಿಷ ಬೇಕು, ಇಡೀ ಕಣಜವನ್ನು ಅವಳ ಮಿದುಳಿನ ಜೊತೆ ಹೊಸದಾಗಿ ತಾಳೆ ನೋಡಬೇಕಲ್ಲ. ಅಷ್ಟರಲ್ಲಿ ಹೇಳಬೇಕಾದದ್ದು ಆರಿ ಹೋಗಿರುತ್ತಿತ್ತು. "ಹೋಗ್ಲಿ ಬಿಡ್ರಿ, ಏನೂ ಇಲ್ಲ," ಅಂದುಬಿಡೋಳು.

ನಾನು ಅದನ್ನು ದೊಡ್ಡದು ಮಾಡಲಿಲ್ಲ, ಆ ಕಾಗದ ಬರುವ ತನಕ. ಕೇಂದ್ರದ ನಿಯಮ: ಮೂರು ತಿಂಗಳಲ್ಲಿ ನಲವತ್ತು ಸಲ ಲೈನ್ ಕಡಿದರೆ ಆ ಗುಬ್ಬಿಗೆ 'ಬಳಕೆ ಇಲ್ಲ' ಅಂತ ಮುದ್ರೆ ಬೀಳುತ್ತದೆ. ಕಣಜ ಅಳಿಸಿಹಾಕಿ ಜಾಗವನ್ನು ಕಾಯುವ ಪಟ್ಟಿಯಲ್ಲಿ ಇರುವವರಿಗೆ ಕೊಡುತ್ತಾರೆ. ಹಗಲು ಹೊತ್ತು ಗುಬ್ಬಿ ತೆಗೆದಿಟ್ಟರೆ ಅದೂ ಒಂದು ಕಡಿತವೇ. ಕಾಗದದಲ್ಲಿ ಕೊಟ್ರಮ್ಮನ ಹೆಸರು, ಎದುರಿಗೆ ಮೂವತ್ತೇಳು. ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಗಲು ಇನ್ನೂ ಹನ್ನೊಂದು ದಿನ ಇತ್ತು.

ಮರುದಿನ ಕಂಟ್ರೋಲ್ ರೂಮಿಗೆ ಹೋದವನೇ ಫರ್ಜಾನಾಳ ಮುಂದೆ ಕಾಗದ ಎಸೆದೆ. "ನಿನ್ ಸರ್ವರ್ ಯಾಕಮ್ಮಾ ನಮ್ಮೋಳ ಲೈನ್ ಕಡೀತಾ ಇದೆ?"

ಅವಳು ಲಾಗ್, ಅಂದರೆ ಸರ್ವರಿನ ದಿನಚರಿ, ತೆಗೆದು ತೋರಿಸಿದಳು. "ನೋಡಣ್ಣಾ, ಸರ್ವರ್ ಕಡಿದೇ ಇಲ್ಲ. ಲೈನ್ ತೆರೆದೇ ಇದೆ, ಅಕ್ಕನ ಗುಬ್ಬಿ ಏನೂ ಕೇಳ್ತಿಲ್ಲ ಅಂತಿದೆ. ನಮ್ ಕಡೆಯಿಂದ ಏನೂ ತೊಂದ್ರೆ ಇಲ್ಲ."

ಡೆನ್ನಿಸನ ಹತ್ತಿರ ಹೋದೆ. ಅವನೂ ಲಾಗ್ ತೋರಿಸಿದ. "ಗುಬ್ಬಿ ಕೇಳಿದೆ ಮಾರಾಯ್ರೆ, ಸರ್ವರ್ ಉತ್ತರವೇ ಕೊಡ್ಲಿಲ್ಲ. ಕಾದು ಕಾದು ಕೆಂಪಾಗಿದೆ. ನಮ್ಮ ಕಡೆಯಿಂದ..."

"ಬಾಯ್ಮುಚ್ಚು," ಅಂದೆ.

ಒಬ್ಬರು ತೆರೆದಿದೆ ಅನ್ನುತ್ತಾರೆ, ಇನ್ನೊಬ್ಬರು ಸತ್ತಿದೆ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅಂದರೆ ನಡುವೆ ಯಾರೋ ಇಬ್ಬರಿಗೂ ಹೇಳದೆ ಕತ್ತರಿಸಿದ್ದಾರೆ. ನಡುವೆ ಇರುವುದು ನನ್ನ ಫೈರ್‌ವಾಲ್. ನೆಟ್‌ವರ್ಕಿನ ಬಾಗಿಲು ಕಾಯುವ ಪೆಟ್ಟಿಗೆ. ಯಾರ್ಯಾರ ಲೈನು ಜೀವಂತ ಅಂತ ಪಟ್ಟಿ ಇಟ್ಟುಕೊಂಡು, ಪಟ್ಟಿಯಲ್ಲಿ ಇರುವವರ ಮಾತನ್ನಷ್ಟೇ ಆಚೀಚೆ ಬಿಡುತ್ತದೆ.

ಎರಡು ದಿನ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಒಂದು ಖಾಲಿ ಗುಬ್ಬಿ ತೆಗೆದುಕೊಂಡು ಲೈನ್ ಹಾಕುವುದು, ಐದು ನಿಮಿಷ ಸುಮ್ಮನೆ ಬಿಟ್ಟು ಒಂದು ಪದ ಕೇಳುವುದು. ಬಂತು. ಹತ್ತು ನಿಮಿಷ ಬಿಟ್ಟೆ, ಬಂತು. ಹದಿನಾಲ್ಕು, ಬಂತು. ಹದಿನಾರು ನಿಮಿಷ ಬಿಟ್ಟು ಕೇಳಿದೆ. ಕೆಂಪು ದೀಪ. ಮೂರು ಸಲ ಮಾಡಿದೆ, ಮೂರು ಸಲವೂ ಅಷ್ಟೇ. ಹದಿನೈದು ನಿಮಿಷ ಮಾತಿಲ್ಲದಿದ್ದರೆ ಫೈರ್‌ವಾಲ್ ತನ್ನ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಆಚೆಯವನು ಈಚೆಯವನು ಇಬ್ಬರೂ ಸತ್ತ ಲೈನು ಹಿಡಿದುಕೊಂಡು ಕೂತಿರುತ್ತಿದ್ದರು.

ಇದಕ್ಕೆ ಮೊದಲಿಂದ ಒಂದು ಉಪಾಯ ಇದ್ದೇ ಇದೆ. ತುಂಬ ಹೊತ್ತು ಮಾತಿಲ್ಲದಿದ್ದರೆ ಗುಬ್ಬಿ ತಾನಾಗಿಯೇ ಸರ್ವರಿಗೆ 'ಇದ್ದೀಯಾ' ಅನ್ನುತ್ತದೆ, ಸರ್ವರ್ 'ಇದ್ದೀನಿ' ಅನ್ನುತ್ತದೆ. ಅಷ್ಟಾದರೆ ಫೈರ್‌ವಾಲಿಗೂ ಲೈನ್ ಬದುಕಿದೆ ಅಂತ ಗೊತ್ತಾಗುತ್ತದೆ. ನಮ್ಮ ಆಫೀಸಿನಲ್ಲಿ ಇದಕ್ಕೆ ಹೂಂಗುಟ್ಟುವುದು ಅಂತಲೇ ಹೆಸರು. "ಲೈನ್ ಹೂಂಗುಡ್ತಾ ಇದೆಯೇನೋ?" "ಹೂಂಗುಡ್ತಾ ಇದೆ." ಹೀಗೇ ನಮ್ಮ ಮಾತು. ಆದರೆ ಗುಬ್ಬಿ ಹೂಂಗುಡುವುದು ಎರಡು ಗಂಟೆಗೊಮ್ಮೆ. ಫೈರ್‌ವಾಲ್ ಕತ್ತರಿಸುವುದು ಹದಿನೈದು ನಿಮಿಷಕ್ಕೆ. ಕಡಿದ ಮೇಲೆ ಆ ಹೂಂಗೆ ಉತ್ತರ ಬರದಿದ್ದರೂ ಗುಬ್ಬಿ ಸುಮ್ಮನಿರುತ್ತದೆ, ಕೆಂಪಾಗುವುದು ಪದ ಕೇಳಿದಾಗಲೇ. ಮೊದಲು ಫೈರ್‌ವಾಲಿಗೂ ಎರಡು ಗಂಟೆಯ ಮೇಲೆಯೇ ಇತ್ತಲ್ಲ, ಯಾವ ಗೂಬೆ ಇದನ್ನು ಬದಲಾಯಿಸಿದ ಅಂತ ಬದಲಾವಣೆ ಪುಸ್ತಕ ತೆಗೆದೆ.

ನಾಲ್ಕು ವರ್ಷದ ಹಿಂದಿನ ನಮೂದು. "ಪಟ್ಟಿ ತುಂಬುತ್ತಿದೆ. ಸುಮ್ಮನೆ ಕೂರುವವರಿಗೆ ಲೈನ್ ದಂಡ. ಹದಿನೈದು ನಿಮಿಷಕ್ಕೆ ಇಳಿಸಿದೆ." ಕೆಳಗೆ ನನ್ನ ಸಹಿ.

ಫರ್ಜಾನಾ ಪಕ್ಕಕ್ಕೆ ಬಂದಳು. ಕೈಯಲ್ಲಿ ರಾಜ್ಯದ ಕಡಿತಗಳ ಪಟ್ಟಿ ಇತ್ತು.

"ಅಣ್ಣಾ, ಇದೊಂದು ನೋಡು. ಜಾಸ್ತಿ ಮಾತಾಡೋರದ್ದು ಒಂದೂ ಕಡಿದಿಲ್ಲ. ಕಡಿದಿರೋದೆಲ್ಲ ಮನೇಲಿ ಮಾತಾಡ್ಸೋರು ಇಲ್ಲದೋರದ್ದೇ..." ಅಂದವಳು ಪಟ್ಟಿಯ ಮೇಲುಗಡೆ ಇದ್ದ ಹೆಸರು ನೋಡಿ ಗಕ್ಕನೆ ನಿಲ್ಲಿಸಿದಳು. ಹಾಳೆ ಮಡಚಿ ಹಿಂದಕ್ಕೆ ಹಿಡಿದುಕೊಂಡಳು. ನಾನೂ ಕೇಳಲಿಲ್ಲ. ಆ ಹೊತ್ತಿಗೆ ಕೊಟ್ರಮ್ಮನ ಲೆಕ್ಕ ಮೂವತ್ತೊಂಬತ್ತು ಆಗಿತ್ತು.

ಫೈರ್‌ವಾಲ್ ಬದಲಾಯಿಸಲು ಈಗ ಎರಡು ಕೀಲಿ ಬೇಕು. ಒಂದು ನನ್ನದು, ಇನ್ನೊಂದು ನಮ್ಮ ಮೇಲಿನ ವಿರೂಪಾಕ್ಷಯ್ಯನವರದು. ಅವರು ಗುರುವಾರದ ಸಮಿತಿಯಲ್ಲಿ ಇಟ್ಟು, ಒಪ್ಪಿಗೆ ಪಡೆದು, ಆಮೇಲೇ ಕೀಲಿ ಕೊಡುವ ಮನುಷ್ಯ. ಪುಣ್ಯಕ್ಕೆ ಮರುದಿನವೇ ಗುರುವಾರ. ಒಂದು ದಿನ ಹೇಗಾದರೂ ದಾಟಿದರೆ ಸಾಕಿತ್ತು.

ಬೆಳಿಗ್ಗೆ ಅವಳನ್ನು ಅಡುಗೆಮನೆಯಲ್ಲಿ ಮಣೆ ಹಾಕಿ ಕೂರಿಸಿ ಎದುರಿಗೆ ಕೂತೆ. "ನೋಡು ಕೊಟ್ರಿ, ಇವತ್ತೊಂದು ದಿನ ಲೈನ್ ಕಡೀಬಾರ್ದು. ಹದಿನೈದ್ ನಿಮಿಷ ಸುಮ್ನಿದ್ರೆ ಹೋಗುತ್ತೆ. ಏನಾದ್ರೂ ಮಾತಾಡ್ತಾ ಇರು."

"ಯಾರ್ ಹತ್ರ?" ಅಂದಳು.

ನಿಜವಾಗಿ ಕೇಳಿದ್ದು. ಚುಚ್ಚಲಿಕ್ಕಲ್ಲ. ಪಕ್ಕದ ಮನೆಯವರು ಮದುವೆಗೆ ಹೋಗಿದ್ದರು. ನಾನು ಸಮಿತಿ ಮುಂದೆ ನಿಲ್ಲಲೇಬೇಕು, ತಪ್ಪು ನನ್ನದೇ ಅಂತ ಸಹಿ ಹಾಕಲು ನಾನೇ ಬೇಕು. ಬೇರೇನೂ ತೋಚದೆ ಹೇಳಿದೆ: "ಯಾರೂ ಇಲ್ದಿದ್ರೆ ಹೂಂ ಅಂತಾದ್ರೂ ಅನ್ನು. ಹತ್ ನಿಮಿಷಕ್ಕೊಂದ್ ಸಲ."

ಅವಳು ನನ್ನ ಮುಖ ನೋಡಿದಳು. ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. "ಅಯ್ಯೋ ದೇವ್ರೇ! ಇಪ್ಪತ್ತಾರು ವರ್ಷ ನಾನ್ ಬಡ್ಕೊಂಡಿದ್ದನ್ನ ಇವತ್ ನೀವ್ ನನಗೆ ಹೇಳ್ತಿದೀರಲ್ರೀ!"

ನಾನೂ ನಕ್ಕೆ. ಎಷ್ಟು ದಿನವಾಗಿತ್ತೋ ಹಾಗೆ ಇಬ್ಬರೂ ನಕ್ಕು. ಲೆಕ್ಕ ತಪ್ಪಬಾರದು ಅಂತ ಅವಳೇ ಮೊರದಲ್ಲಿ ಅವರೆಕಾಳು ಸುರಿದುಕೊಂಡಳು, ಪಕ್ಕದಲ್ಲಿ ಒಂದು ಸ್ಟೀಲಿನ ಬಟ್ಟಲು ಇಟ್ಟುಕೊಂಡಳು. ಒಂದು ಹೂಂ, ಒಂದು ಕಾಳು. ಗೋಡೆ ಗಡಿಯಾರದಲ್ಲಿ ಒಂಬತ್ತಾಗಿತ್ತು.

"ಹೋಗ್ಬನ್ನಿ," ಅಂದಳು.

ಸಮಿತಿಯಲ್ಲಿ ಏನು ನಡೆಯಿತು ಅಂತ ಉದ್ದಕ್ಕೆ ಹೇಳುವುದಿಲ್ಲ. ಮಧ್ಯಾಹ್ನ ಮೂರರ ತನಕ ಬೇರೆ ವಿಷಯ, ಆಮೇಲೆ ನನ್ನದು. "ಹಾಗಾದ್ರೆ ಇದು ನೀವು ಮಾಡಿದ್ದೇ ಅಂತಾಯ್ತು?" ಅಂದರು ವಿರೂಪಾಕ್ಷಯ್ಯ, ಕನ್ನಡಕದ ಮೇಲಿಂದ ನೋಡುತ್ತಾ.

"ಹೌದು ಸಾರ್, ನಾನೇ."

"ನಾಲ್ಕ್ ವರ್ಷ ಗೊತ್ತೇ ಆಗ್ಲಿಲ್ವೇ ನಿಮಗೆ?"

"ಕೇಳಿಸ್ಕೊಳ್ಲಿಲ್ಲ ಸಾರ್," ಅಂದೆ. ಅದು ಯಾವುದರ ಬಗ್ಗೆ ಹೇಳಿದ್ದು ಅಂತ ಅವರಿಗೆ ಅರ್ಥವಾಗಲಿಲ್ಲ.

ಐದು ಇಪ್ಪತ್ತಕ್ಕೆ ಇಬ್ಬರೂ ಕೀಲಿ ಹಾಕಿದೆವು. ಫೈರ್‌ವಾಲಿನ ಹದಿನೈದು ನಿಮಿಷ ಹೋಗಿ ಮೂರು ಗಂಟೆ ಆಯಿತು. ಇನ್ನು ಗುಬ್ಬಿ ತನ್ನಷ್ಟಕ್ಕೆ ಹೂಂಗುಟ್ಟಿಕೊಳ್ಳುತ್ತದೆ, ಮನುಷ್ಯರು ಬೇಕಾದಷ್ಟು ಹೊತ್ತು ಸುಮ್ಮನಿರಬಹುದು. ನನಗೆ ರೆಕ್ಕೆ ಬಂದಂತಾಯಿತು. ದಾರಿಯಲ್ಲಿ ಮಂಡಕ್ಕಿ, ನಾಲ್ಕು ಬಿಸಿ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡೆ. ಇವತ್ತು ಮೊಬೈಲು ಮುಟ್ಟುವುದಿಲ್ಲ, ಅವಳ ಮುಂದೆ ಕೂತು ಸಮಿತಿಯ ಕತೆಯೆಲ್ಲ ಹೇಳುತ್ತೇನೆ, ವಿರೂಪಾಕ್ಷಯ್ಯನವರ ಕನ್ನಡಕದ ಸಮೇತ, ಅಂದುಕೊಂಡೆ.

ಐದು ಐವತ್ತೈದಕ್ಕೆ ಬಾಗಿಲು ತಳ್ಳಿದೆ. ಅವಳು ಮಣೆಯಿಂದ ಎದ್ದು ಬಂದಳು, ಬಟ್ಟಲು ಎತ್ತಿ ಹಿಡಿದುಕೊಂಡು. ಪಾಸಾದ ಹುಡುಗಿ ಮಾರ್ಕ್ಸ್ ಕಾರ್ಡ್ ತೋರಿಸುವ ಹಾಗೆ. ಮುಖ ತುಂಬ ನಗು. ಬಾಯಿ ತೆರೆದಳು. ಆ ಹೊತ್ತಿಗೆ ಅವಳು ಯಾವಾಗಲೂ ಅನ್ನುವ ಮಾತು ನನಗೆ ಗೊತ್ತು: "ಬಂದ್ರಾ?"

ಬಾಯಿ ತೆರೆದೇ ಇತ್ತು. ಪದ ಬರಲಿಲ್ಲ. ಕಿವಿಯ ಹಿಂದೆ ಕೆಂಪು ಮಿನುಗಿತು.

ನಾನು ಪೊಟ್ಟಣ ಬಿಸಾಕಿ ಬಟ್ಟಲು ಕಸಿದುಕೊಂಡೆ. ಬಾಗಿಲಲ್ಲೇ ಕುಕ್ಕರಗಾಲಲ್ಲಿ ಕೂತು ಕಾಳು ಎಣಿಸಿದೆ. ಐವತ್ತಮೂರು. ಒಂಬತ್ತು ಹತ್ತರಿಂದ ಐದು ಐವತ್ತರ ತನಕ ಹತ್ತು ನಿಮಿಷಕ್ಕೊಂದರಂತೆ ಲೆಕ್ಕ ಹಾಕಿದರೆ ಸರಿಯಾಗಿ ಐವತ್ತಮೂರು. ಒಂದೂ ತಪ್ಪಿಸಿರಲಿಲ್ಲ. ಉಂಡಿದ್ದಳೋ ಇಲ್ಲವೋ, ಎದ್ದಿದ್ದಳೋ ಇಲ್ಲವೋ.

ಫರ್ಜಾನಾಗೆ ಫೋನ್ ಮಾಡಿ ಕಿರುಚಿದೆ. ಅವಳು ತನ್ನ ಲಾಗೂ ಫೈರ್‌ವಾಲಿನ ಪಟ್ಟಿಯೂ ತೆಗೆದಳು. "ಅಣ್ಣಾ, ಬೆಳಿಗ್ಗೆ ಒಂಬತ್ತಕ್ಕೆ 'ಹೋಗ್ಬನ್ನಿ' ಅಂತ ಒಂದು ಪದ ಹೋಗಿದೆ. ಆಮೇಲೆ ಇಡೀ ದಿನ ಅಕ್ಕ ಏನೂ ಕೇಳಿಲ್ಲ. ಒಂಬತ್ತೂಕಾಲಿಗೇ ಲೈನ್ ಹೋಗಿದೆ."

"ಏನೂ ಕೇಳಿಲ್ಲ ಅಂದ್ರೆ? ಹತ್ ನಿಮಿಷಕ್ಕೊಂದ್ ಹೂಂ ಅಂದಿದಾಳೆ ಕಣೇ! ಕಾಳಿದಾವೆ ನನ್ ಕೈಯಲ್ಲಿ!"

ಆಕಡೆ ಅವಳು ಕಣಜದ ಪಟ್ಟಿ ತಡಕಾಡುವ ಟಕಟಕ ಕೇಳಿಸಿತು.

"ಹೂಂ ಕಣಜದಲ್ಲಿಲ್ಲ ಅಣ್ಣಾ," ಅಂದಳು. "ಅದನ್ನ ಗುಬ್ಬಿ ಯಾಕ್ ಕೇಳುತ್ತೆ? ಅದು ಅಕ್ಕಂದೇ."

ಡಾಕ್ಟರು ಹೇಳಿದ್ದು ಆಗ ನೆನಪಾಯಿತು. ಮೂರು ವರ್ಷದ ಹಿಂದೆ, ಆಸ್ಪತ್ರೆಯ ಮೊಗಸಾಲೆಯಲ್ಲಿ, ನಾನು ತಲೆ ಆಡಿಸಿದ ಮಾತು. ಪೆಟ್ಟಿಗೆ ಹೂಂಗುಟ್ಟಿದರೆ ಲೈನ್ ಉಳಿಯುತ್ತದೆ ಅಂತ ಹದಿನೆಂಟು ವರ್ಷ ಆಫೀಸಿನಲ್ಲಿ ಆಡಿ ಆಡಿ, ಹೆಂಡತಿ ಹೂಂ ಅಂದರೂ ಉಳಿಯುತ್ತದೆ ಅಂದುಕೊಂಡಿದ್ದೆ. 'ಉಪ್ಪು' ಅಂದಿದ್ದರೂ ಸಾಕಿತ್ತು. 'ಚನ್ನಗಿರಿ' ಅಂದಿದ್ದರೂ ಸಾಕಿತ್ತು. ನನ್ನ ಹೆಸರು ಹಿಡಿದು ಐವತ್ತಮೂರು ಸಲ ಬೈದುಕೊಂಡಿದ್ದರೂ ಲೈನ್ ಉಳಿಯುತ್ತಿತ್ತು. ಇಡೀ ಕನ್ನಡದಲ್ಲಿ ಕೆಲಸಕ್ಕೆ ಬಾರದ ಒಂದೇ ಒಂದು ಮಾತು ಆರಿಸಿ ಅವಳ ಕೈಗೆ ಕೊಟ್ಟು ಹೋಗಿದ್ದೆ.

ಅದು ನಲವತ್ತನೆಯದು. ಆರು ಗಂಟೆಗೆ ಮುದ್ರೆ ಬಿತ್ತು.

ಮೇಲ್ಮನವಿ ಬರೆದೆ. ಕಾಳಿನ ವಿಷಯವನ್ನೂ ಬರೆದೆ, ನಾಚಿಕೆ ಬಿಟ್ಟು. ಇಪ್ಪತ್ತು ದಿನಕ್ಕೆ ಉತ್ತರ ಬಂತು: "ಬಳಕೆದಾರರು ಸದರಿ ದಿನಾಂಕದಂದು ಎಂಟು ಗಂಟೆ ಐವತ್ತೈದು ನಿಮಿಷಗಳ ಕಾಲ ಮಾತನಾಡಿರುವುದು ಕಂಡುಬಂದಿರುವುದಿಲ್ಲ. ಕೇಂದ್ರದ ಕಡೆಯಿಂದ ಯಾವುದೇ ತೊಂದರೆ ಇರುವುದಿಲ್ಲ." ಅಷ್ಟು ಹೊತ್ತಿಗೆ ಅವಳ ಕಣಜ ಇದ್ದ ಜಾಗ ಹರಿಹರದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರಿಗೆ ಹೋಗಿತ್ತು. ಒಳ್ಳೆಯವರಂತೆ. ದಿನಕ್ಕೆ ನಾಲ್ಕೇ ಮಾತು ಆಡುತ್ತಾರಂತೆ. ಅವರ ಲೈನು ಇವತ್ತಿನ ತನಕ ಒಂದು ಸಲವೂ ಕಡಿದಿಲ್ಲ. ಆ ಗುರುವಾರದ ಮೇಲೆ ರಾಜ್ಯದಲ್ಲಿ ಯಾರದ್ದೂ ಕಡಿದಿಲ್ಲ. ದೋಷ ಕಂಡುಹಿಡಿದಿದ್ದಕ್ಕೆ ನನಗೆ ಪ್ರಶಂಸಾಪತ್ರ ಕೊಟ್ಟರು. ಥೂ, ಅದನ್ನು ಮನೆಗೆ ತರಲಿಲ್ಲ.

ಹೊಸ ಅರ್ಜಿ ಹಾಕಿದ್ದೇನೆ. ಪಟ್ಟಿಯಲ್ಲಿ ನಾಲ್ಕು ಸಾವಿರ ಚಿಲ್ಲರೆ ಜನ ಅವಳಿಗಿಂತ ಮುಂದಿದ್ದಾರೆ.

ಈಗ ಸಂಜೆ ಆರಕ್ಕೆ ಮನೆ ಸೇರುತ್ತೇನೆ. ಮೊಬೈಲು ಕಪಾಟಿನಲ್ಲಿ ಇಟ್ಟು ಅಡುಗೆಮನೆಗೆ ಹೋಗುತ್ತೇನೆ. ಅವಳು ಒಗ್ಗರಣೆ ಹಾಕುತ್ತಿರುತ್ತಾಳೆ, ನಾನು ಮಣೆಯ ಮೇಲೆ ಕೂತು ಹೇಳುತ್ತೇನೆ. ಡೆನ್ನಿಸ್ ಏನಂದ, ಫರ್ಜಾನಾಳ ಮಗಳು ಏನು ಓದುತ್ತಿದ್ದಾಳೆ. ಬಸ್‌ಸ್ಟ್ಯಾಂಡಿನ ಮುಂದೆ ಬೇಕಂತಲೇ ಇಳಿದು ಅಲ್ಲಿಯ ಸುದ್ದಿಯನ್ನೂ ಹಿಡಿದುಕೊಂಡು ಬರುತ್ತೇನೆ. ಮೈಕಿನಲ್ಲಿ ಹೊಸಬಳೊಬ್ಬಳು ಬಂದಿದ್ದಾಳೆ, ನಿನ್ನಷ್ಟು ಚೆನ್ನಾಗಿ ಹೇಳಲ್ಲ ಅಂದೆ ಮೊನ್ನೆ.

ಅವಳು ನನ್ನ ಕಡೆಗೆ ತಿರುಗಿ, ಸೌಟು ಹಿಡಿದುಕೊಂಡೇ, "ಹೂಂ" ಅಂದಳು. ಪ್ರತಿ ಮಾತಿಗೂ ಅನ್ನುತ್ತಾಳೆ. ಒಂದೂ ತಪ್ಪಿಸುವುದಿಲ್ಲ.